ಹಳೇ ಸೈಕಲ್ಲನ್ನು ದಿನಾ ಓಡಿಸುವ ಹಾಗೆ ಮಾಡಿಕೊಳ್ಳುವುದು ಹೇಗೆ?

ಹಳೇ ಸೈಕಲ್ ಕೈಗೆ ಸಿಕ್ಕ ಕೂಡಲೇ ತುಂಬಾ ಜನ ಮೊದಲು ಕೈ ಹಾಕುವುದು ಪೇಂಟಿಗೆ. ದಯವಿಟ್ಟು ಸದ್ಯಕ್ಕೆ ಅದನ್ನು ಬಿಟ್ಟುಬಿಡಿ. ದಿನಾ ಕೆಲಸಕ್ಕೆ ಹೋಗಿಬರುವ ಸೈಕಲ್ ಅಂದರೆ ಬ್ರೇಕ್ ಹಿಡಿದಾಗ ನಿಲ್ಲಬೇಕು, ಅರ್ಧ ಗಂಟೆ ಕೂತರೂ ಬೆನ್ನು, ಕೈ ನೋಯಬಾರದು, ತುಳಿದರೆ ಹಗುರಾಗಿ ಹೋಗಬೇಕು. ಕೆಲಸವೂ ಇದೇ ಕ್ರಮದಲ್ಲಿ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊದಲು ನಿಲ್ಲುವುದು, ಆಮೇಲೆ ಕೂರುವುದು, ಆಮೇಲೆ ತುಳಿಯುವುದು. ಅಂದಚಂದ ಎಲ್ಲದಕ್ಕಿಂತ ಕೊನೆಗೆ.

ಶುರು ಮಾಡುವ ಮುಂಚೆ ಒಂದು ದೊಡ್ಡ ಡಬ್ಬಿ ಇಟ್ಟುಕೊಳ್ಳಿ. ಬಿಚ್ಚಿದ ಯಾವ ಭಾಗವನ್ನೂ ಎಸೆಯಬೇಡಿ, ಸವೆದ ನಟ್ಟನ್ನೂ ಕೂಡ. ಹೊಸದು ತರುವಾಗ ಅಳತೆಗೆ ಅದೇ ಬೇಕಾಗುತ್ತದೆ. ಫ್ರೇಮನ್ನು ಕೊಯ್ಯುವುದು, ತೂತು ಕೊರೆಯುವುದು, ಫ್ರೇಮಿಗೆ ಬೆಸೆದಿರುವ ಸಣ್ಣ ಕಿವಿಗಳನ್ನು ಕೆರೆದು ತೆಗೆಯುವುದು ಇದ್ಯಾವುದೂ ಬೇಡ. ನೀವು ಮಾಡಿದ ಬದಲಾವಣೆಯನ್ನೆಲ್ಲ ಮುಂದೆ ಒಂದು ದಿನ ವಾಪಸ್ ತಿರುಗಿಸಿ ಹಳೇ ರೂಪಕ್ಕೆ ತರುವ ಹಾಗಿರಲಿ.

ಮೊದಲು ಫ್ರೇಮ್ ಗಟ್ಟಿ ಇದೆಯಾ ನೋಡಿ

ಒದ್ದೆ ಬಟ್ಟೆಯಲ್ಲಿ ಫ್ರೇಮ್ ಒರೆಸಿ, ಬೆಳಕಿಗೆ ತನ್ನಿ. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಮೇಲಿನ ಮತ್ತು ಕೆಳಗಿನ ಪೈಪು ಸೇರುವ ಜಾಗದಲ್ಲಿ ಬೆರಳು ಆಡಿಸಿ. ಪೈಪಿನ ಕೆಳಮೈಯಲ್ಲಿ ಸಣ್ಣ ಉಬ್ಬು ಅಥವಾ ಸುಕ್ಕು ಸಿಕ್ಕಿದರೆ ಆ ಸೈಕಲ್ ಎಲ್ಲೋ ಮುಂದಿನಿಂದ ಜೋರಾಗಿ ಗುದ್ದಿದೆ ಅಂತ ಅರ್ಥ. ಅಂಥ ಫ್ರೇಮ್ ಬೇಡ. ಪಕ್ಕದಿಂದ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ನೋಡಿ, ಹಿಂದಕ್ಕೆ ತಳ್ಳಿದ ಹಾಗೆ ಕಂಡರೂ ಅದೇ ಕತೆ. ಪೆಡಲ್ ಆಕ್ಸಲ್ ಕೂರುವ ಜಾಗದ ಸುತ್ತ ಮತ್ತು ಸೀಟಿನ ಕೊಳವೆಯ ಬಾಯಿಯ ಹತ್ತಿರ ಕೂದಲೆಳೆಯಂಥ ಬಿರುಕು ಇದೆಯಾ ಅಂತ ನೋಡಿ.

ಫ್ರೇಮ್ ನೆಟ್ಟಗಿದೆಯಾ ಅಂತ ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರ ತೆಗೆಯಿರಿ. ಆಕ್ಸಲ್ ಕೂರುವ ಎಡಗಡೆಯ ಸೀಳಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೊಳವೆಯನ್ನು ಸುತ್ತಿಸಿ, ಬಲಗಡೆಯ ಸೀಳಿಗೆ ತಂದು ಬಿಗಿಯಾಗಿ ಕಟ್ಟಿ. ಈಗ ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಕಡೆ ಅಳೆಯಿರಿ. ಒಂದೆರಡು ಮಿ.ಮೀ. ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಜಾಸ್ತಿ ಇದ್ದರೆ ಫ್ರೇಮ್ ಸೊಟ್ಟಗಿದೆ. ಕಬ್ಬಿಣದ್ದಾದರೆ ತಿಳಿದವರು ನೆಟ್ಟಗೆ ಮಾಡಬಲ್ಲರು.

ಮೇಲ್ಮೈ ತುಕ್ಕಿಗೆ ಹೆದರಬೇಡಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಲೋಹ ಒಳಕ್ಕೆ ಕುಸಿದರೆ ಮಾತ್ರ ಆ ಫ್ರೇಮ್ ಆಸೆ ಬಿಡಬೇಕು.

ಇನ್ನು ಸಿಕ್ಕಿಕೊಂಡ ಭಾಗಗಳು. ಹಳೇ ಸೈಕಲ್ಲಿನಲ್ಲಿ ಸೀಟಿನ ಕಂಬ ಮತ್ತು ಹ್ಯಾಂಡಲ್ ಕಾಂಡ ಫ್ರೇಮಿನೊಳಗೆ ಅಂಟಿ ಕೂತಿರುವುದು ಮಾಮೂಲಿ. ನನ್ನದರಲ್ಲಿ ಸೀಟಿನ ಕಂಬ ಬಿಡಿಸಲು ಒಂಬತ್ತು ದಿನ ಹಿಡಿಯಿತು. ದಿನಾ ಸಂಜೆ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿದ್ದೆ, ಸೈಕಲ್ ತಲೆಕೆಳಗು ಮಾಡಿ ಪೆಡಲ್ ಆಕ್ಸಲ್ಲಿನ ಕಡೆಯಿಂದಲೂ ಬಿಡುತ್ತಿದ್ದೆ, ಆಮೇಲೆ ಹಳೇ ಸೀಟನ್ನೇ ಬಿಗಿಯಾಗಿ ಕೂರಿಸಿ ಅದನ್ನು ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಲು ನೋಡುತ್ತಿದ್ದೆ. ಎಂಟು ದಿನ ಕದಲಲಿಲ್ಲ. ಒಂಬತ್ತನೇ ದಿನ ಟಕ್ ಅಂತ ಸಣ್ಣ ಸದ್ದು ಬಂತು, ಕೂದಲಿನಷ್ಟು ತಿರುಗಿತು. ಅಷ್ಟು ತಿರುಗಿದರೆ ಆಯಿತು, ಅಲ್ಲಿಂದ ಹೊರಗೆ ಬರಲು ಹತ್ತು ನಿಮಿಷ ಸಾಕು. ಸುತ್ತಿಗೆ ತೆಗೆದುಕೊಂಡು ಮೊದಲ ದಿನವೇ ಬಡಿದಿದ್ದರೆ ಫ್ರೇಮಿನ ಬಾಯಿ ಸೀಳಿಹೋಗುತ್ತಿತ್ತು.

ಹ್ಯಾಂಡಲ್ ಕಾಂಡದ ಉಪಾಯ ಬೇರೆ. ಮೇಲಿನ ಉದ್ದ ಬೋಲ್ಟನ್ನು ಮೂರು ನಾಲ್ಕು ಸುತ್ತು ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ. ಬೋಲ್ಟಿನ ತಲೆಯ ಮೇಲೆ ಮರದ ತುಂಡು ಇಟ್ಟು ಒಂದು ಏಟು ಕೊಡಿ. ಒಳಗಿನ ಬೆಣೆ ಕೆಳಗೆ ಜಾರುತ್ತದೆ, ಕಾಂಡ ಸಡಿಲವಾಗುತ್ತದೆ. ಎರಡನ್ನೂ ಮತ್ತೆ ಕೂರಿಸುವಾಗ ಧಾರಾಳವಾಗಿ ಗ್ರೀಸ್ ಹಚ್ಚಿ. ಎಷ್ಟು ಒಳಗಿರಬೇಕು ಅಂತ ಕಾಂಡದ ಮೇಲೆ ಗೆರೆ ಇದ್ದರೆ ಅದು ಫ್ರೇಮಿನೊಳಗೆ ಮುಳುಗಿರಲೇಬೇಕು. ಗೆರೆ ಇಲ್ಲದಿದ್ದರೆ ಕನಿಷ್ಠ ಎರಡೂವರೆ ಇಂಚು ಒಳಗಿರಲಿ.

ತಿರುಗುವುದನ್ನೆಲ್ಲ ಬಿಚ್ಚಿ, ತೊಳೆಯಿರಿ, ಗ್ರೀಸ್ ಹಾಕಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೊರಗಿಂದ ಚೆನ್ನಾಗಿ ತಿರುಗುವ ಹಾಗೆ ಕಾಣುವ ಹಬ್ಬಿನ (ಹಬ್ ಅಂದರೆ ಚಕ್ರದ ನಟ್ಟನಡುವಿನ ಭಾಗ) ಒಳಗೆ ಗ್ರೀಸ್ ಒಣಗಿ ಡಾಂಬರಿನ ಹಾಗೆ ಆಗಿರುತ್ತದೆ. ಮುಂದಿನ ಚಕ್ರದಿಂದ ಶುರು ಮಾಡಿ, ಅದು ಸುಲಭ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಒಂದು ಕಡೆಯ ಲಾಕ್‌ನಟ್ಟು ಮತ್ತು ಅದರ ಒಳಗಡೆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಬಿಚ್ಚಿ, ಆಕ್ಸಲ್ಲನ್ನು ನಿಧಾನಕ್ಕೆ ಎಳೆಯಿರಿ. ಗುಂಡುಗಳು ಬಟ್ಟೆ ಮೇಲೆ ಉದುರುತ್ತವೆ. ಎಣಿಸಿ, ಬರೆದಿಡಿ. ಸಾಮಾನ್ಯವಾಗಿ ಮುಂದಿನ ಹಬ್ಬಿನಲ್ಲಿ ಒಂದೊಂದು ಕಡೆ 3/16 ಇಂಚಿನ 10 ಗುಂಡು, ಹಿಂದಿನ ಹಬ್ಬಿನಲ್ಲಿ 1/4 ಇಂಚಿನ 9, ಪೆಡಲ್ ಆಕ್ಸಲ್ಲಿನಲ್ಲಿ 1/4 ಇಂಚಿನ 11 ಇರುತ್ತವೆ.

ಕೋನನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ತಿರುಗಿಸಿ. ಗುಂಡು ಓಡಿದ ಜಾಗದಲ್ಲಿ ಒಂದೇ ಸಮನಾದ ಹೊಳೆಯುವ ಗೆರೆ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ, ಉಗುರಿಗೆ ತಡೆದರೆ, ಆ ಕೋನ್ ಬದಲಿಸಿ. ಹಬ್ಬಿನೊಳಗಿನ ಬಟ್ಟಲನ್ನೂ ಹೀಗೇ ನೋಡಿ. ಗುಂಡುಗಳನ್ನು ಮಾತ್ರ ಹೇಗಿದ್ದರೂ ಹೊಸದು ಹಾಕಿ, ಹಳೆಯದರ ಜೊತೆ ಬೆರೆಸಬೇಡಿ.

ಜೋಡಿಸುವಾಗ ಕೋನನ್ನು ಕೈಯಲ್ಲೇ ಬಿಗಿ ಮಾಡಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಆಮೇಲೆ ಲಾಕ್‌ನಟ್ಟು ಬಿಗಿಯಿರಿ. ಲಾಕ್‌ನಟ್ಟು ಬಿಗಿದಾಗ ಕೋನ್ ಇನ್ನೂ ಒತ್ತುತ್ತದೆ, ಅದಕ್ಕೇ ಮೊದಲೇ ಸ್ವಲ್ಪ ಸಡಿಲ ಬಿಡುವುದು. ಮೂರು ನಾಲ್ಕು ಸಲ ಮಾಡಬೇಕಾಗಬಹುದು. ಸರಿಯಾಗಿದೆ ಅಂತ ಗೊತ್ತಾಗುವುದು ಹೀಗೆ: ಚಕ್ರವನ್ನು ಫ್ರೇಮಿಗೆ ಹಾಕಿ ಎತ್ತಿ ಹಿಡಿದರೆ ಭಾರದ ಕಡೆ ತಾನಾಗಿ ಕೆಳಗೆ ಬಂದು, ಗಡಿಯಾರದ ಲೋಲಕದ ಹಾಗೆ ಆಚೆ ಈಚೆ ತೂಗಿ ನಿಲ್ಲಬೇಕು. ರಿಮ್ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಲೊಡಲೊಡ ಅನ್ನಬಾರದು.

ಪೆಡಲ್ ಕಾಲುಗಳನ್ನು (ಪೆಡಲನ್ನು ಆಕ್ಸಲ್ಲಿಗೆ ಸೇರಿಸುವ ತೋಳುಗಳು) ಕಾಟರ್ ಪಿನ್, ಅಂದರೆ ಅಡ್ಡ ಹೊಡೆದ ಬೆಣೆಯಂಥ ಪಿನ್, ಹಿಡಿದಿದ್ದರೆ ಸಮಾಧಾನ ಬೇಕು. ಪಿನ್ನಿನ ನಟ್ಟನ್ನು ಸಡಿಲ ಮಾಡುತ್ತಾ ಬನ್ನಿ, ನಟ್ಟಿನ ಮೇಲ್ಭಾಗ ಪಿನ್ನಿನ ತುದಿಗೆ ಸಮವಾದಾಗ ನಿಲ್ಲಿಸಿ, ಪಿನ್ನಿನ ಮೇಲಿನ ಸ್ಕ್ರೂ ಎಳೆಗಳು ಹಾಳಾಗುವುದಿಲ್ಲ. ಕಾಲಿನ ಕೆಳಗೆ ಗಟ್ಟಿ ಕಬ್ಬಿಣದ ಪೈಪು ನೆಲದವರೆಗೆ ಆಸರೆ ಕೊಡಿ, ಪಿನ್ನಿನ ದಪ್ಪ ತುದಿ ಪೈಪಿನ ತೂತಿಗೆ ಬರಲಿ. ಆಮೇಲೆ ಒಂದೇ ಒಂದು ಗಟ್ಟಿ ಏಟು. ಹತ್ತು ಸಣ್ಣ ಏಟು ಹೊಡೆದರೆ ಪಿನ್ನಿನ ತಲೆ ಅಣಬೆಯ ಹಾಗೆ ಅಗಲವಾಗಿ ಹೊರಗೆ ಬರುವುದೇ ಇಲ್ಲ. ಹೊಸ ಪಿನ್ ತರುವಾಗ ಹಳೆಯದನ್ನು ತೆಗೆದುಕೊಂಡು ಹೋಗಿ, 9.5 ಮಿ.ಮೀ. ದಪ್ಪದ್ದು ಹೆಚ್ಚು, 9 ಮಿ.ಮೀ.ಯದ್ದೂ ಇದೆ. ಎರಡು ಪಿನ್ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಕೂರಬೇಕು, ಇಲ್ಲದಿದ್ದರೆ ಎರಡು ಕಾಲು ಒಂದೇ ನೇರಕ್ಕೆ ಬರುವುದಿಲ್ಲ.

ಬಿಚ್ಚುವಾಗ ಎಡಗಡೆ ಪೆಡಲಿನ ಎಳೆ ಉಲ್ಟಾ ಅನ್ನುವುದು ನೆನಪಿರಲಿ. ಬ್ರಿಟಿಷ್ ಎಳೆಯ ಫ್ರೇಮಿನಲ್ಲಿ ಪೆಡಲ್ ಆಕ್ಸಲ್ಲಿನ ಬಲಗಡೆ ಬಟ್ಟಲೂ ಉಲ್ಟಾ ಎಳೆ. ಇಟಾಲಿಯನ್ ಫ್ರೇಮಿನಲ್ಲಿ ಎರಡೂ ಕಡೆ ಮಾಮೂಲಿ ಎಳೆ.

ನಿಲ್ಲುವುದು: ರಿಮ್, ಬ್ರೇಕ್, ಟಯರ್

ದುಡ್ಡು ಎಲ್ಲಿಯಾದರೂ ಹಾಕುವುದಾದರೆ ಇಲ್ಲಿ ಹಾಕಿ. ನನ್ನ ಸೈಕಲ್ಲಿಗೆ ಮೊದಲು ಹೊಳೆಯುವ ಕ್ರೋಮ್ ಸ್ಟೀಲ್ ರಿಮ್ ಇತ್ತು. ಬಿಸಿಲಿನಲ್ಲಿ ಬ್ರೇಕ್ ಚೆನ್ನಾಗೇ ಹಿಡಿಯುತ್ತಿತ್ತು. ಮೊದಲ ಮಳೆಯ ದಿನ ಇಳಿಜಾರಿನಲ್ಲಿ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದೆ, ಚಕ್ರ ಏನೂ ಆಗದ ಹಾಗೆ ತಿರುಗುತ್ತಲೇ ಇತ್ತು. ಕಾಲು ನೆಲಕ್ಕೆ ಊರಿ ಉಜ್ಜಿಕೊಂಡು ನಿಲ್ಲಿಸಬೇಕಾಯಿತು. ಕ್ರೋಮ್ ತುಂಬಾ ನುಣುಪು, ನೀರಿನ ಪದರ ಅದರ ಮೇಲೆ ಕೂತರೆ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ದಿನಾ ಓಡಿಸುವವರು ಮಳೆ ನೋಡಿಕೊಂಡು ಹೊರಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಅಲ್ಯುಮಿನಿಯಂ ರಿಮ್ ಹಾಕಿಸಿ ಅಂತ ಒತ್ತಿ ಹೇಳುತ್ತೇನೆ. ಹಳೇ ರಿಮ್ಮನ್ನೇ ಉಳಿಸಿಕೊಳ್ಳಬೇಕು ಅಂದರೆ ಸ್ಟೀಲ್ ರಿಮ್ಮಿಗೆಂದೇ ಮಾಡಿದ, ತೊಗಲಿನ ಮುಖ ಇರುವ ಬ್ರೇಕ್ ರಬ್ಬರ್ ಸಿಗುತ್ತದೆ, ಅದನ್ನು ಹಾಕಿ.

ರಿಮ್ ತರುವ ಮುಂಚೆ ಅಳತೆ ಅರ್ಥ ಮಾಡಿಕೊಳ್ಳಿ, ಇಲ್ಲಿ ತಪ್ಪಾಗುವುದು ಜಾಸ್ತಿ. ಟಯರಿನ ಪಕ್ಕದಲ್ಲಿ 37-590 ಅನ್ನುವ ಥರ ಒಂದು ಜೋಡಿ ಅಂಕಿ ಇರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರ್ ಕೂರುವ ರಿಮ್ಮಿನ ವ್ಯಾಸ, ಎರಡೂ ಮಿ.ಮೀ. ಲೆಕ್ಕದಲ್ಲಿ. ಇಂಚಿನ ಹೆಸರನ್ನು ನಂಬಬೇಡಿ. 28 ಇಂಚು ಅಂತ ಕರೆಯುವುದರಲ್ಲೇ 622 ಇದೆ, 635 ಇದೆ, ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. ರಾಡ್ ಬ್ರೇಕಿನ (ಕೇಬಲ್ ಬದಲು ಕಬ್ಬಿಣದ ಸರಳು ಎಳೆಯುವ ಬ್ರೇಕ್) ದೊಡ್ಡ ಸೈಕಲ್ಲುಗಳದ್ದು ಸಾಮಾನ್ಯವಾಗಿ 635. 26 ಗುಣಿಲೆ 1 3/8 ಅನ್ನುವುದು 590. 27 ಇಂಚಿನ ಹಳೇ ರೇಸ್ ಸೈಕಲ್ಲಿನದ್ದು 630. ಈಗ ಎಲ್ಲೆಡೆ ಸಿಗುವ 700ಸಿ ಅಂದರೆ 622.

630ರಿಂದ 622ಕ್ಕೆ ಹೋಗುವುದು ತುಂಬಾ ಒಳ್ಳೆಯ ಬದಲಾವಣೆ. ರಿಮ್ 4 ಮಿ.ಮೀ. ಒಳಗೆ ಹೋಗುತ್ತದೆ. ಬ್ರೇಕ್ ರಬ್ಬರ್ ಅಷ್ಟು ಕೆಳಗೆ ಇಳಿಯುವ ಹಾಗಿದ್ದರೆ ಆಯಿತು. ಜೊತೆಗೆ ದಪ್ಪ ಟಯರಿಗೂ ಮಡ್‌ಗಾರ್ಡಿಗೂ ಜಾಗ ಸಿಗುತ್ತದೆ. ಬ್ರೇಕ್ ಕೂರುವ ತೂತಿನಿಂದ ಹೊಸ ರಿಮ್ಮಿನ ಪಕ್ಕದ ನಡುವಿಗೆ ಎಷ್ಟು ದೂರ ಅಂತ ಅಳೆದುಕೊಂಡು ಹೋಗಿ. ಅಷ್ಟು ಉದ್ದ ತೋಳಿನ ಬ್ರೇಕ್ ಬೇಕು ಅಂತ ಕೇಳಿ.

ರಾಡ್ ಬ್ರೇಕಿನ ಸೈಕಲ್ಲಾದರೆ ಕತೆ ಬೇರೆ. ಅಲ್ಲಿ ರಬ್ಬರ್ ರಿಮ್ಮಿನ ಒಳಮೈಗೆ ಮೇಲಕ್ಕೆ ಎಳೆದುಕೊಂಡು ಒತ್ತುತ್ತದೆ. ಮಾಮೂಲಿ ಅಲ್ಯುಮಿನಿಯಂ ರಿಮ್ ಹಾಕಿದರೆ ಆ ಬ್ರೇಕ್ ಕೆಲಸ ಮಾಡುವುದಿಲ್ಲ. ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಹಬ್ ಕಟ್ಟಿಸುವುದು ನನಗೆ ತುಂಬಾ ಹಿಡಿಸಿದ ದಾರಿ. ಬ್ರೇಕ್ ಹಬ್ಬಿನೊಳಗೇ ಇರುವುದರಿಂದ ಮಳೆಯಲ್ಲೂ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಅದರ ತೋಳನ್ನು ಫೋರ್ಕಿಗೆ ಪಟ್ಟಿ ಹಾಕಿ ಗಟ್ಟಿಯಾಗಿ ಕಟ್ಟಲೇಬೇಕು, ಮರೆಯಬೇಡಿ.

ಹಿಂದಿನ ಚಕ್ರ ಹೊಸದು ಹಾಕುವುದಾದರೆ ಫ್ರೇಮಿನ ಎರಡು ಸೀಳುಗಳ ನಡುವಿನ ಒಳ ಅಂತರ ಅಳೆಯಿರಿ. ಒಂದೇ ಗೇರಿನದ್ದಕ್ಕೆ 110 ಮಿ.ಮೀ. ಆಸುಪಾಸು, ಹಳೇ ಐದು ಗೇರಿನದ್ದಕ್ಕೆ 120, ಆರೇಳು ಗೇರಿನದ್ದಕ್ಕೆ 126 ಇರುತ್ತದೆ. ಹೊಸ ಹಬ್ಬುಗಳು 130, 135. ಕಬ್ಬಿಣದ ಫ್ರೇಮ್ ನಾಲ್ಕು ಮಿ.ಮೀ. ತನಕ ಕೈಯಲ್ಲೇ ಅಗಲಿಸಿ ಚಕ್ರ ಕೂರಿಸಿದರೂ ತಾಳಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಅನುಭವ ಇರುವವರ ಕೈಯಲ್ಲಿ ಬಗ್ಗಿಸಿಸಿ, ಮತ್ತೆ ದಾರದ ಪರೀಕ್ಷೆ ಮಾಡಿ. ಅಲ್ಯುಮಿನಿಯಂ ಫ್ರೇಮನ್ನು ಮಾತ್ರ ಯಾವತ್ತೂ ಬಗ್ಗಿಸಬೇಡಿ, ಬಿರುಕು ಬಿಡುತ್ತದೆ.

ಬ್ರೇಕ್ ಕೇಬಲ್ ಒಳಗಿನದು, ಹೊರಗಿನದು ಎರಡೂ ಹೊಸದು ಹಾಕಿ. ಹೊರ ಕೇಬಲ್ ಕತ್ತರಿಸಿದ ತುದಿಯನ್ನು ಅರದಿಂದ ಸಮ ಮಾಡಿ, ಇಷ್ಟು ಮಾಡಿದರೆ ಬ್ರೇಕ್ ಲಿವರ್ ಎಷ್ಟು ಮೆತ್ತಗಾಗುತ್ತದೆ ಅಂತ ನೀವೇ ನೋಡಿ. ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಒಂದು ಮಿ.ಮೀ. ಮೊದಲು ತಾಗುವ ಹಾಗೆ ಕೂರಿಸಿದರೆ ಕಿರ್ ಅನ್ನುವ ಸದ್ದು ನಿಲ್ಲುತ್ತದೆ. ರಬ್ಬರ್ ಟಯರಿಗೆ ಒಂದಿಷ್ಟೂ ತಾಗಬಾರದು. ಲಿವರನ್ನು ಶಕ್ತಿ ಇದ್ದಷ್ಟು ಹಿಂಡಿ, ಹ್ಯಾಂಡಲ್ಲಿಗೆ ಬಂದು ತಾಗಿದರೆ ಕೇಬಲ್ ಇನ್ನೂ ಬಿಗಿ ಮಾಡಬೇಕು.

ಟಯರ್ ಹಳೆಯದಿದ್ದರೆ ನೋಡಲು ಚೆನ್ನಾಗಿದ್ದರೂ ಬೇಡ. ಪಕ್ಕವನ್ನು ಬೆರಳಲ್ಲಿ ಬಗ್ಗಿಸಿದರೆ ಒಣ ನೆಲದ ಹಾಗೆ ಬಿರುಕು ಕಾಣುತ್ತದೆ. ಹೊಸದು ಹಾಕುವಾಗ ಫೋರ್ಕಿನಲ್ಲಿ ಹಿಡಿಯುವಷ್ಟು ದಪ್ಪದ್ದನ್ನು ಹಾಕಿ. 32ರಿಂದ 40 ಮಿ.ಮೀ. ಅಗಲದ ಟಯರ್ ಗುಂಡಿ, ಹಂಪುಗಳ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಗಾಳಿ ಎಷ್ಟು ಅಂತ ಟಯರಿನ ಮೇಲೇ ಬರೆದಿರುತ್ತದೆ, ಆ ಗರಿಷ್ಠಕ್ಕೆ ತುಂಬಿಸಿ ಕಲ್ಲಿನ ಹಾಗೆ ಮಾಡಬೇಡಿ. ರಿಮ್ಮಿನೊಳಗಿನ ಪಟ್ಟಿಯನ್ನೂ ಹೊಸದು ಹಾಕಿ, ಕಡ್ಡಿ ತುದಿ ಚುಚ್ಚಿ ಟ್ಯೂಬ್ ಪಂಕ್ಚರ್ ಆಗುವುದು ತಪ್ಪುತ್ತದೆ.

ಕೂರುವುದು

ಹಳೇ ರೇಸ್ ಸೈಕಲ್ಲಿನ ಬಗ್ಗಿದ ಹ್ಯಾಂಡಲ್ ಇಟ್ಟುಕೊಂಡು ವಾಹನಗಳ ನಡುವೆ ಓಡಾಡುವುದು ಕಷ್ಟ. ಕತ್ತು ನೋಯುತ್ತದೆ, ಹಿಂದೆ ತಿರುಗಿ ನೋಡಲು ಆಗುವುದಿಲ್ಲ. ಹಿಂದಕ್ಕೆ ಬಾಗಿ ಕೈಗೆ ಹತ್ತಿರ ಬರುವ ಹ್ಯಾಂಡಲ್ ಹಾಕಿ, ಸೀಟಿನಷ್ಟೇ ಎತ್ತರಕ್ಕೆ ಅಥವಾ ಸ್ವಲ್ಪ ಮೇಲಕ್ಕೆ ಇಡಿ. ಬೆನ್ನು ನೆಟ್ಟಗಾದರೆ ಕಣ್ಣೂ ದೂರಕ್ಕೆ ಹೋಗುತ್ತದೆ. ಕಾಂಡ ಹಿಡಿಯುವ ಜಾಗದಲ್ಲಿ ಹ್ಯಾಂಡಲ್ 25.4 ಮಿ.ಮೀ. ದಪ್ಪದ್ದಾ, 26 ಮಿ.ಮೀ. ದಪ್ಪದ್ದಾ ಅಂತ ಅಳೆದೇ ತನ್ನಿ. ರೇಸ್ ಹ್ಯಾಂಡಲ್ಲಿನ ಬ್ರೇಕ್ ಲಿವರ್ ಈ ಹ್ಯಾಂಡಲ್ಲಿಗೆ ಕೂರುವುದಿಲ್ಲ, ಅದಕ್ಕೂ ಬೇರೆ ಬೇಕು. ಕೇಬಲ್ ತುದಿಯ ಗುಬುಟೂ ಬೇರೆ ಆಕಾರದ್ದು. ಕೂರಿಸಿದ ಮೇಲೆ ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿ, ಪೆಡಲ್ ತುಳಿಯುವಾಗ ಮೊಣಕಾಲಿಗೆ ತಾಗುತ್ತದಾ ನೋಡಿ.

ಹ್ಯಾಂಡಲ್ ಬದಲಾದರೆ ಸೀಟೂ ಬದಲಾಗಬೇಕು. ನೆಟ್ಟಗೆ ಕೂತಾಗ ಮೈಭಾರ ಹೆಚ್ಚಾಗಿ ಕೂರುವ ಮೂಳೆಯ ಮೇಲೆ ಬೀಳುತ್ತದೆ, ರೇಸಿನ ಕಿರಿದಾದ ಸೀಟು ಆಗ ಒತ್ತುತ್ತದೆ. ಹಿಂಭಾಗ ಸ್ವಲ್ಪ ಅಗಲ ಇರುವ, ತೀರಾ ಮೆತ್ತಗಿರದ ಸೀಟು ನೋಡಿ. ತುಂಬಾ ಮೆತ್ತನೆಯದು ಅಂಗಡಿಯಲ್ಲಿ ಒತ್ತಿ ನೋಡಿದಾಗ ಹಿತ, ಐದು ಕಿ.ಮೀ. ಆದಮೇಲೆ ಹಿತ ಇರುವುದಿಲ್ಲ. ಹಳೇ ತೊಗಲಿನ ಸೀಟು ಬಿರುಕಿಲ್ಲದೆ ಉಳಿದಿದ್ದರೆ ಅದನ್ನೇ ಇಟ್ಟುಕೊಳ್ಳಿ. ತೊಗಲಿಗೆ ಹಾಕುವ ಮೇಣವನ್ನು ತೆಳ್ಳಗೆ ಸವರಿ, ಎಣ್ಣೆಯಲ್ಲಿ ನೆನೆಸಬೇಡಿ, ಜೋತುಬೀಳುತ್ತದೆ.

ಎತ್ತರಕ್ಕೆ ಸುಲಭ ಲೆಕ್ಕ: ಸೀಟಿನ ಮೇಲೆ ಕೂತು ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಬೇಕಾದಷ್ಟೇ ಬಾಗುತ್ತದೆ. ಪದೇ ಪದೇ ನಿಲ್ಲಿಸಬೇಕಾದ ದಾರಿಯಾದರೆ ಇದಕ್ಕಿಂತ ಒಂದು ಬೆರಳು ತಗ್ಗಿಸಿ.

ತುಳಿಯುವುದು

ಹಳೇ ಸೈಕಲ್ ಭಾರ ಅನ್ನುವವರ ಸೈಕಲ್ಲಿನಲ್ಲಿ ಎಷ್ಟೋ ಸಲ ತಪ್ಪು ಗೇರಿನದ್ದಾಗಿರುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ 2.44 ಸುತ್ತು. ಚಕ್ರದ ಸುತ್ತಳತೆ 2.1 ಮೀಟರ್ ಅಂತ ಇಟ್ಟುಕೊಂಡರೆ ಒಂದು ತುಳಿತಕ್ಕೆ ಐದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಹಿಂದಿನ ಫ್ರೀವೀಲನ್ನು 22 ಹಲ್ಲಿನದ್ದು ಮಾಡಿದರೆ 4.2 ಮೀಟರ್. ಓಟ ಸ್ವಲ್ಪ ಕಡಿಮೆ, ಆದರೆ ಏರಿನಲ್ಲಿ ಇಳಿದು ತಳ್ಳುವುದು ತಪ್ಪುತ್ತದೆ. ಒಂದೇ ಒಂದು ಭಾಗ ಬದಲಿಸಿ ಇಷ್ಟು ಲಾಭ ಬೇರೆಲ್ಲೂ ಇಲ್ಲ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು.

ಹಿಂದಿನ ಹಬ್ಬಿನೊಳಗೇ ಮೂರು ಗೇರ್ ಇರುವ ಸೈಕಲ್ ನಿಮ್ಮದಾದರೆ ಅದನ್ನು ಖಂಡಿತ ಉಳಿಸಿಕೊಳ್ಳಿ. ಸ್ಟರ್ಮಿ-ಆರ್ಚರ್ ಕಂಪನಿಯ ಎಡಬ್ಲ್ಯು ಹಬ್ 1936ರಲ್ಲಿ ಬಂದಿದ್ದು, ಮೊದಲ ಗೇರ್ ನಡುವಿನದ್ದಕ್ಕಿಂತ ಕಾಲು ಭಾಗ ಹಗುರ, ಮೂರನೆಯದು ಮೂರನೇ ಒಂದು ಭಾಗ ಜೋರು. ನಿಂತಲ್ಲೇ ಗೇರ್ ಬದಲಿಸಬಹುದು, ದಿನದ ಓಡಾಟಕ್ಕೆ ಇದು ಎಷ್ಟು ಅನುಕೂಲ ಅಂತ ಓಡಿಸಿದವರಿಗೇ ಗೊತ್ತು. ಎಣ್ಣೆ ಬಿಡುವ ತೂತು ಇದ್ದರೆ ತೆಳು ಎಣ್ಣೆಯನ್ನು ಒಂದು ಚಮಚದಷ್ಟು ಬಿಟ್ಟು ಚಕ್ರ ತಿರುಗಿಸಿ. ಗೇರ್ ಜಾರಿದರೆ ಹಬ್ ಕೆಟ್ಟಿದೆ ಅಂದುಕೊಳ್ಳಬೇಡಿ, ಮೊದಲು ಕೇಬಲ್ ನೋಡಿ. ಎರಡನೇ ಗೇರಿನಲ್ಲಿಟ್ಟು ಬಲಗಡೆ ನಟ್ಟಿನ ಕಿಂಡಿಯಲ್ಲಿ ಇಣುಕಿ. ಗೇರ್ ಕೇಬಲ್ಲಿಗೆ ಸೇರುವ ಸಣ್ಣ ಸರಪಳಿಯ ಕಡ್ಡಿಯ ಅಂಚು ಆಕ್ಸಲ್ ತುದಿಗೆ ಸರಿಸಮ ಇರಬೇಕು. ಹಾಗೆ ಬರುವ ತನಕ ಕೇಬಲ್ ಹೊಂದಿಸಿ.

ಚೈನ್ ಸವೆದಿದೆಯಾ ಅಂತ ಇಂಚುಪಟ್ಟಿ ಇಟ್ಟು ನೋಡಿ. ಒಂದು ಪಿನ್ನಿನ ನಡುವಿನಿಂದ ಅಳೆದರೆ, ಆ ಪಿನ್ ಬಿಟ್ಟು ಮುಂದಿನ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರಬೇಕು. 1/8 ಇಂಚು ಮುಂದೆ ಹೋಗಿದ್ದರೆ ಚೈನಿನ ಜೊತೆ ಫ್ರೀವೀಲನ್ನೂ ಬದಲಿಸಿ, ಹೊಸ ಚೈನ್ ಹಳೇ ಹಲ್ಲಿನ ಮೇಲೆ ಹಾರುತ್ತದೆ.

ಇನ್ನುಳಿದದ್ದು

ಉದ್ದನೆಯ ಮಡ್‌ಗಾರ್ಡ್, ಮುಂದಿನದಕ್ಕೆ ಕೆಳಗೆ ಒಂದು ರಬ್ಬರ್ ತುಂಡು, ಪೂರ್ತಿ ಚೈನ್‌ಕವರ್, ಗಟ್ಟಿ ಕ್ಯಾರಿಯರ್, ಗಂಟೆ. ಬ್ಯಾಗನ್ನು ಬೆನ್ನಿಗೆ ಹಾಕದೆ ಕ್ಯಾರಿಯರಿಗೆ ಕಟ್ಟಿ, ಬೆವರು ಅರ್ಧ ಕಡಿಮೆಯಾಗುತ್ತದೆ. ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತಿಲ್ಲದಿದ್ದರೆ ರಬ್ಬರ್ ಹೊದಿಕೆಯ ಪಟ್ಟಿ ಕ್ಲಾಂಪ್ ಬಳಸಿ. ಹಿಂದಿನ ಕೆಂಪು ದೀಪ ಬ್ಯಾಗಿನ ಹಿಂದೆ ಮರೆಯಾಗದ ಜಾಗದಲ್ಲಿರಲಿ. ಮುಂದಿನ ಚಕ್ರ ಹೇಗೂ ಹೊಸದಾಗಿ ಕಟ್ಟಿಸುತ್ತಿದ್ದರೆ ಡೈನಮೋ ಇರುವ ಹಬ್ ಹಾಕಿಸುವ ಯೋಚನೆ ಮಾಡಿ. 6 ವೋಲ್ಟ್, 3 ವ್ಯಾಟ್ ಕೊಡುತ್ತದೆ, ಈಗಿನ ಎಲ್‌ಇಡಿ ದೀಪಕ್ಕೆ ಅದು ಬೇಕಾದಷ್ಟಾಯಿತು, ಚಾರ್ಜ್ ಮಾಡುವ ಗೋಜೂ ಇಲ್ಲ.

ಈಗ ಪೇಂಟು. ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಕಾರಿಗೆ ಹಾಕುವ ಮೇಣ ತಿಕ್ಕಿ. ಕ್ರೋಮಿನ ತುಕ್ಕಿಗೆ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿ, ಕಂದು ನೀರು ಇಳಿದು ಕೆಳಗಿನ ಹೊಳಪು ಬರುತ್ತದೆ. ಪೇಂಟ್ ಎದ್ದ ಜಾಗಕ್ಕೆ ಮಾತ್ರ ಸ್ವಲ್ಪ ಬಣ್ಣ ಮುಟ್ಟಿಸಿ. ಕೈಯಲ್ಲಿ ಎಳೆದ ಚಿನ್ನದ ಗೆರೆ, ಹಳೇ ಹೆಸರಿನ ಪಟ್ಟಿ ಇದ್ದರೆ ಅದನ್ನು ಹಾಗೇ ಬಿಡಿ.

ಮೊದಲ ಓಡಾಟ ಮನೆ ಹತ್ತಿರವೇ ಇರಲಿ, ಸ್ಪ್ಯಾನರ್ ಜೇಬಿನಲ್ಲಿರಲಿ. ಮೆಲ್ಲಗೆ ಹೋಗುತ್ತಾ ಹಿಂದಿನ ಬ್ರೇಕ್, ಮುಂದಿನ ಬ್ರೇಕ್ ಬೇರೆ ಬೇರೆಯಾಗಿ ಹಿಡಿದು ನೋಡಿ, ಆಮೇಲೆ ಜೋರಾಗಿ. 50 ಕಿ.ಮೀ. ಆದಮೇಲೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಕಾಟರ್ ಪಿನ್ ಸ್ವಲ್ಪ ಕೂತಿರುತ್ತದೆ, ನಟ್ಟು ಮತ್ತೆ ಬಿಗಿಯಿರಿ. ಹೊಸ ಕೇಬಲ್ ಸಡಿಲವಾಗಿರುತ್ತದೆ, ಎಳೆದು ಕಟ್ಟಿ. ಹೊಸ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಡಿದು ಹಿಂಡಿ, ಸಡಿಲ ಅನ್ನಿಸಿದ್ದನ್ನು ಬಿಗಿ ಮಾಡಿಸಿ. ಆ ಹಳೇ ಭಾಗದ ಡಬ್ಬಿಯ ಮೇಲೆ ಸೈಕಲ್ಲಿನ ಹೆಸರು, ಗುಂಡಿನ ಲೆಕ್ಕ, ಪಿನ್ನಿನ ಅಳತೆ, ಟಯರಿನ ಅಂಕಿ ಬರೆದು ಅಂಟಿಸಿಡಿ.